ಅರ್ಧ ಗಟ್ಟಿ, ಅರ್ಧ ಟೊಳ್ಳು

ಎರಡು ವಾರಗಳ ಹಿಂದೆ ನಮ್ಮ ಬಂಧುವೊಬ್ಬರು ದೂರವಾಣಿಯಲ್ಲಿ ಮಾತನಾಡುತ್ತ ತಮ್ಮ ಮಗನ ವಿಷಯ ತೆಗೆದರು. ಹುಡುಗ ಹತ್ತನೆಯ ತರಗತಿಯಲ್ಲಿದ್ದಾನೆ. ಓದುವ ಹೊತ್ತಿನಲ್ಲಿ ಗಿಟಾರುಗಳ ಚಿತ್ರ ನೋಡುತ್ತ ಕೂರುತ್ತಾನಂತೆ. ಅದೂ ಸಾಮಾನ್ಯ ಗಿಟಾರಲ್ಲ. ‘ಸೆಮಿ ಹಾಲೋ’ ಎಂಬ ಬಗೆಯ ಎಲೆಕ್ಟ್ರಿಕ್ ಗಿಟಾರು. ಹೇಳಿ ಮಾಡಿಸಿದರೆ ಮೂರು ನಾಲ್ಕು ಲಕ್ಷ ರೂಪಾಯಿಯಂತೆ. “ಅರ್ಧ ಟೊಳ್ಳಾದ ಮರದ ಪೆಟ್ಟಿಗೆಗೆ ಅಷ್ಟು ದುಡ್ಡೇ ಮಾವ? ನೀವೊಂದು ಮಾತು ಹೇಳಿ, ನಿಮ್ಮ ಮಾತಾದರೆ ಕೇಳುತ್ತಾನೆ” ಎಂದರು. ಕೂಡಲೇ ಉತ್ತರಿಸಲು ನನ್ನಿಂದಾಗಲಿಲ್ಲ. ಇಂಥದೇ ಸಂದರ್ಭದಲ್ಲಿ ಹಿಂದೊಮ್ಮೆ ನಾನು ಬಹಳ ಬೇಗ ಉತ್ತರ ಕೊಟ್ಟುಬಿಟ್ಟಿದ್ದೆ. ಅವರ ಒಪ್ಪಿಗೆ ಪಡೆದು ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು 1988ನೆಯ ಇಸವಿ. ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಬೋಧಿಸುತ್ತಿದ್ದೆ. ಎಸ್ಸೆಸ್ಸೆಲ್ಸಿಯ ಹುಡುಗನೊಬ್ಬನಿಗೆ ಅವನ ಸೋದರಮಾವ ಮಂಗಳೂರಿನಿಂದ ಹಳೆಯದೊಂದು ಗಿಟಾರು ತಂದುಕೊಟ್ಟಿದ್ದರು. ಹುಡುಗ ಬುದ್ಧಿವಂತ, ಆದರೆ ಆ ವರ್ಷ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಂಕಗಳು ಇಳಿದವು. ಅವನ ತಂದೆಯನ್ನು ಕರೆಸಿ, “ಆ ಡಬ್ಬವನ್ನು ಅಟ್ಟಕ್ಕೇರಿಸಿ” ಎಂದೆ. ಅವರು ನನಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಅದನ್ನು ಮಾರಿಯೇಬಿಟ್ಟರು. ಹುಡುಗ ಮೊದಲ ದರ್ಜೆಯಲ್ಲಿ ತೇರ್ಗಡೆಯಾದ. ಅದನ್ನು ನನ್ನ ಗೆಲುವೆಂದು ಬಗೆದು ಮುಂದಿನ ಎಷ್ಟೋ ವರ್ಷ ಇತರ ಪೋಷಕರಿಗೆ ಉದಾಹರಣೆಯಾಗಿ ಹೇಳಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಆ ಹುಡುಗ ಈಗ ಐವತ್ತು ದಾಟಿದ ಇಂಜಿನಿಯರು. ಅಮೆರಿಕದ ಮಿಶಿಗನ್ ರಾಜ್ಯದಲ್ಲಿದ್ದಾನೆ. ಕಳೆದ ವರ್ಷ ಮಗಳ ಮನೆಗೆ ಹೋಗಿದ್ದಾಗ ವಿಷಯ ತಿಳಿದು ನನ್ನನ್ನು ಕಾಣಲು ಬಂದ. “ಸರ್, ನಮ್ಮ ಮನೆಗೊಂದು ಸಲ ಬರಬೇಕು” ಎಂದು ಕರೆದೊಯ್ದ. ಊಟವಾದ ಮೇಲೆ ಒಳಗಿನಿಂದ ಕರಿಯ ಪೆಟ್ಟಿಗೆಯೊಂದನ್ನು ತಂದು ತೆರೆದ. ಜೇನಿನ ಬಣ್ಣದ ಗಿಟಾರು. ಎರಡು ಪಕ್ಕದಲ್ಲಿ ಪಿಟೀಲಿಗಿರುವಂಥ ಬಳುಕಿದ ಸೀಳುಗಳು. ಎತ್ತಿ ನೋಡಿದರೆ ನಾನೆಣಿಸಿದ್ದಕ್ಕಿಂತ ಭಾರ. “ನಡುವೆ ಗಟ್ಟಿ ಸರ್, ಅಕ್ಕಪಕ್ಕ ಟೊಳ್ಳು” ಎಂದ.

ಮೇಷ್ಟ್ರಾದವನಿಗೆ ಹೀಗೇಕೆ ಎಂಬ ಪ್ರಶ್ನೆ ಹುಟ್ಟದಿದ್ದರೆ ಹೇಗೆ? ಅವನಿಂದ ಕೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

ಎಲೆಕ್ಟ್ರಿಕ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವಿರುತ್ತದೆ. ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದಕ್ಕೆ ಪಿಕಪ್ ಎಂದು ಹೆಸರು. ಮೀಟಿದ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಕದಲಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ, ನಾನು ನಿಮಗೆ ಕರಿಹಲಗೆಯ ಮೇಲೆ ಬರೆದು ಬರೆದು ಬೇಸರ ಹಿಡಿಸಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. ಗಿಬ್ಸನ್ ಕಂಪನಿ 1936ರಲ್ಲಿ ಇಎಸ್-150 ಎಂಬ ಟೊಳ್ಳು ಗಿಟಾರಿಗೆ ಇಂಥ ಪಿಕಪ್ ಕೂಡಿಸಿ ಮಾರಿತು. ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣ ಅದನ್ನು ನುಡಿಸಿ, ವಾದ್ಯವೃಂದದ ಹಿಂದೆ ಕೇಳಿಯೂ ಕೇಳದಂತಿದ್ದ ಗಿಟಾರನ್ನು ಮುಂದಿನ ಸಾಲಿಗೆ ತಂದ. 1942ರಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತೈದೇ ವರ್ಷ.

ಆದರೆ ಟೊಳ್ಳು ಗಿಟಾರಿಗೊಂದು ಕಷ್ಟವಿತ್ತು. ಶಾಲಾ ವಾರ್ಷಿಕೋತ್ಸವದಲ್ಲಿ ಮೈಕನ್ನು ಸ್ಪೀಕರಿನ ಎದುರಿಗೆ ಹಿಡಿದಾಗ ಕಿವಿ ಸೀಳುವಂತೆ ಊಳಿಡುತ್ತಿತ್ತಲ್ಲ, ಅದೇ ಕಷ್ಟ. ಸ್ಪೀಕರಿನ ಸದ್ದು ಗಿಟಾರಿನ ತೆಳು ಹಲಗೆಯನ್ನು ನಡುಗಿಸುತ್ತದೆ. ಹಲಗೆ ತಂತಿಯನ್ನು ನಡುಗಿಸುತ್ತದೆ. ತಂತಿಯ ನಡುಕ ಮತ್ತೆ ಸ್ಪೀಕರಿಗೆ ಹೋಗುತ್ತದೆ. ಮರದ ಇಡೀ ದಿಮ್ಮಿಯನ್ನೇ ಮೈಯಾಗಿಸಿದರೆ ಈ ಊಳು ಅಡಗುತ್ತದೆ. ಲೆಸ್ ಪಾಲ್ ಎಂಬ ವಾದಕರು 1940ರ ದಶಕದ ಆರಂಭದಲ್ಲಿ ನಾಲ್ಕಂಗುಲ ಚೌಕದ ಪೈನ್ ದಿಮ್ಮಿಗೆ ತಂತಿ ಬಿಗಿದು ನುಡಿಸಿದರು. ನೋಡಲು ಗಿಟಾರಿನಂತಿರಲೆಂದು ಬೇರೊಂದು ಗಿಟಾರಿನ ಒಡಲನ್ನು ಎರಡಾಗಿ ಕೊಯ್ದು ಎಡಬಲಕ್ಕೆ ರೆಕ್ಕೆಗಳಂತೆ ಅಂಟಿಸಿದರು. ಆ ರೆಕ್ಕೆಗಳು ಬರಿಯ ತೋರಿಕೆಗೆ. 1958ರಲ್ಲಿ ಟೆಡ್ ಮೆಕಾರ್ಟಿ ಮುಖ್ಯಸ್ಥರಾಗಿದ್ದಾಗ ಗಿಬ್ಸನ್ ಕಂಪನಿ ಅದೇ ರೂಪವನ್ನು ತೋರಿಕೆಗಲ್ಲದೆ ನಾದಕ್ಕಾಗಿ ಬಳಸಿತು. ಸುಮಾರು ನಾಲ್ಕೂವರೆ ಸೆಂಟಿಮೀಟರು ದಪ್ಪದ ಮೇಪಲ್ ಮರದ ಒಡಲು. ನಡುವೆ ಕುತ್ತಿಗೆಯಿಂದ ಬುಡದವರೆಗೆ ಮೇಪಲ್ ದಿಮ್ಮಿ. ಎರಡು ಪಕ್ಕ ಟೊಳ್ಳು. ಇದೇ ಇಎಸ್-335. ಇಂದು ‘ಸೆಮಿ ಹಾಲೋ’ ಎಂದು ಹೆಸರಿಟ್ಟು ಮಾಡಿಸಿಕೊಳ್ಳುವ ಗಿಟಾರುಗಳಲ್ಲಿ ಬಹುಪಾಲು ಅದರ ಸಂತಾನವೇ.

ನಾದದ ಮಾತಿಗೆ ಬರುತ್ತೇನೆ. ಪೂರ್ತಿ ಟೊಳ್ಳಿನ ಗಿಟಾರಿನಲ್ಲಿ ತಂತಿಯ ಶಕ್ತಿಯನ್ನು ಹಲಗೆ ಬೇಗ ಹೀರಿಕೊಳ್ಳುತ್ತದೆ. ಸ್ವರ ದುಂಡಗೆ, ಬೆಚ್ಚಗೆ ಹುಟ್ಟಿ ಬೇಗ ಆರುತ್ತದೆ. ಗಟ್ಟಿ ದಿಮ್ಮಿಯಲ್ಲಿ ಶಕ್ತಿ ತಂತಿಯಲ್ಲೇ ಉಳಿಯುವುದರಿಂದ ಸ್ವರ ಚೂಪಾಗಿ ಬಹಳ ಹೊತ್ತು ನಿಲ್ಲುತ್ತದೆ. ಅರೆಟೊಳ್ಳಿನಲ್ಲಿ ಸ್ವರ ಹುಟ್ಟುವಾಗ ಟೊಳ್ಳಿನ ಉಸಿರಿರುತ್ತದೆ, ನಿಲ್ಲುವಾಗ ಗಟ್ಟಿಯ ಬಲವಿರುತ್ತದೆ. ಲ್ಯಾರಿ ಕಾರ್ಲ್ಟನ್ ಎಂಬ ವಾದಕರನ್ನು ಜನ ‘ಮಿಸ್ಟರ್ 335’ ಎಂದೇ ಕರೆದರು. ಜಾಜ್, ಬ್ಲೂಸ್, ರಾಕ್ ಮೂರಕ್ಕೂ ಹೊಂದುವ ಗುಣ ಈ ಗಿಟಾರಿಗಿದೆ.

ಇಲ್ಲಿ ಒಂದು ಉತ್ಪ್ರೇಕ್ಷೆಯನ್ನು ತಡೆಯಬೇಕು. ಮರವೇ ಹಾಡುತ್ತದೆ ಎಂದು ಮಾರುವವರು ಹೇಳುವುದುಂಟು. ಪಿಕಪ್ಪಿಗೆ ಮರದ ಪರಿಚಯವಿಲ್ಲ. ಅದಕ್ಕೆ ತಿಳಿಯುವುದು ಉಕ್ಕಿನ ತಂತಿಯ ಚಲನೆ ಮಾತ್ರ. ತಂತಿಯಿಂದ ಶಕ್ತಿ ಪಡೆದು, ತಂತಿಗೆ ಶಕ್ತಿ ಮರಳಿಸುವ ಮಟ್ಟಿಗೆ ಮರದ ಪಾತ್ರ. ನಾನು ಬೆನ್ನು ತಿರುಗಿಸಿ ಕುಳಿತೆ. ಶಿಷ್ಯ ಗಟ್ಟಿ ಗಿಟಾರನ್ನೂ ಇದನ್ನೂ ಒಂದಾದ ಮೇಲೊಂದು ಮೆಲ್ಲಗೆ ನುಡಿಸಿದ. ಯಾವುದು ಯಾವುದೆಂದು ಹೇಳಲು ನಾನು ಸೋತೆ. ಆಮೇಲೆ ಸದ್ದು ಏರಿಸಿ ಸ್ಪೀಕರಿನ ಹತ್ತಿರ ನಿಂತು ಒಂದೇ ಸ್ವರವನ್ನು ಹಿಡಿದ. ಗಟ್ಟಿ ಗಿಟಾರಿನ ಸ್ವರ ನೇರವಾಗಿ ನಿಂತಿತು. ಇದರ ಸ್ವರ ಮಾತ್ರ ಆರುವ ಬದಲು ನಿಧಾನವಾಗಿ ಉಬ್ಬಿತು, ಅರಳಿತು; ಊಳಿಡುವ ಅಂಚಿಗೆ ಬಂದು ಅವನ ಅಂಗೈ ಸೋಕಿದೊಡನೆ ತಗ್ಗಿತು. ಯಾವ ದೋಷವನ್ನು ನೀಗಲೆಂದು ದಿಮ್ಮಿಯನ್ನು ಇಟ್ಟರೋ, ಆ ದೋಷವನ್ನೇ ಅಳತೆಯಲ್ಲಿ ಉಳಿಸಿಕೊಂಡು ಗುಣವಾಗಿಸಿದ್ದರು. ಬೆಲೆಯ ವಿಷಯ ಏನೇ ಇರಲಿ, ಆ ಸ್ವರಕ್ಕೆ ನಾನು ಮನಸೋತೆನೆಂದು ಒಪ್ಪಿಕೊಳ್ಳಬೇಕು.

ಇನ್ನು ಹೇಳಿ ಮಾಡಿಸುವುದು. ಇದು ದುಂದುವೆಚ್ಚವಲ್ಲವೇ? ಕಾರಣವಿಲ್ಲದಿದ್ದರೆ ಖಂಡಿತ ದುಂದು. ನನ್ನ ಶಿಷ್ಯ ತನ್ನ ಎಡಗೈ ಚಾಚಿ ತೋರಿಸಿದ. ಕಬಡ್ಡಿ ಆಡುವಾಗ ಮುರಿದ ಕಿರುಬೆರಳು ಸೊಟ್ಟಗೆ ಕೂಡಿಕೊಂಡಿದೆ. ಅಂದು ಅವನನ್ನು ಆಸ್ಪತ್ರೆಗೆ ಕರೆದೊಯ್ದವನು ನಾನೇ. ಕೆಲಸಕ್ಕೆ ಸೇರಿದ ಮೇಲೆ ಅಗ್ಗದ ಗಿಟಾರೊಂದನ್ನು ಕೊಂಡು ಇಪ್ಪತ್ತು ವರ್ಷ ನುಡಿಸಿದ. ಕುತ್ತಿಗೆಯ ಅಗಲ ಆ ಬೆರಳಿಗೆ ಎಟುಕುತ್ತಿರಲಿಲ್ಲ. ಕೊನೆಗೆ ಒಬ್ಬ ಕುಶಲಕರ್ಮಿಯ ಬಳಿ ಹೋಗಿ ಕೈಯ ಅಳತೆ ಕೊಟ್ಟು, ಕುತ್ತಿಗೆಯನ್ನು ತುಸು ಕಿರಿದು ಮಾಡಿಸಿ, ಒಡಲನ್ನು ಚಿಕ್ಕದು ಮಾಡಿಸಿ ಇದನ್ನು ಪಡೆದ. ಏನು ಬೇಕೆಂದು ಹೇಳಲು ಅವನಿಗೆ ಎರಡು ದಶಕ ಬೇಕಾಯಿತು.

ಬ್ಲೂಸ್ ಸಂಗೀತದ ಬಿ. ಬಿ. ಕಿಂಗ್ ಅವರ ಕಥೆಯೂ ಇದನ್ನೇ ಹೇಳುತ್ತದೆ. 1949ರಲ್ಲಿ ಅರ್ಕನ್ಸಾ ರಾಜ್ಯದ ಟ್ವಿಸ್ಟ್ ಎಂಬಲ್ಲಿ ಅವರು ನುಡಿಸುತ್ತಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಹೊರಗೆ ಓಡಿ ಬಂದವರು ಗಿಟಾರಿಗಾಗಿ ಮತ್ತೆ ಒಳಗೆ ನುಗ್ಗಿದರು. ಲೂಸಿಲ್ ಎಂಬ ಹೆಂಗಸಿನ ಸಲುವಾಗಿ ಇಬ್ಬರು ಕಿತ್ತಾಡಿದ್ದರಿಂದ ಆ ಬೆಂಕಿ ಹತ್ತಿತೆಂದು ತಿಳಿದು, ಅಂಥ ಮೂರ್ಖತನ ಮತ್ತೆ ಮಾಡಬಾರದೆಂಬ ನೆನಪಿಗೆ ಗಿಟಾರಿಗೆ ಆ ಹೆಸರಿಟ್ಟರು. ಅವರು ಜೀವದ ಹಂಗು ತೊರೆದು ಉಳಿಸಿದ್ದು ಒಂದು ಮಾಮೂಲಿ ಗಿಟಾರನ್ನು. ಮುಂದೆ ಅರೆಟೊಳ್ಳು ಗಿಟಾರು ಹಿಡಿದರು. ಸದ್ದು ಹೆಚ್ಚಿದಾಗ ಊಳು ಬಾರದಿರಲೆಂದು ಸೀಳುಗಳಿಗೆ ಬಟ್ಟೆ ತುರುಕುತ್ತಿದ್ದರು. 1980ರಲ್ಲಿ ಗಿಬ್ಸನ್ ಅವರ ಹೆಸರಿನಲ್ಲಿ ಸೀಳುಗಳೇ ಇಲ್ಲದ ಅರೆಟೊಳ್ಳು ಗಿಟಾರನ್ನು ತಂದಿತು. ಬಟ್ಟೆ ತುರುಕಿ ತುರುಕಿ ತಿಳಿದ ಅಗತ್ಯಕ್ಕೆ ತಕ್ಕಂತೆ ವಾದ್ಯ ಬದಲಾಯಿತು. ಹೇಳಿ ಮಾಡಿಸುವುದೆಂದರೆ ಇದು. ಕಲಿಯುವ ಮೊದಲೇ ಮಾಡಿಸಿದರೆ ಗೋಡೆಗೆ ತೂಗುಹಾಕಲು ಒಂದು ಚಂದದ ವಸ್ತು ಸಿಗುತ್ತದೆ, ಅಷ್ಟೇ.

ಮತ್ತೊಂದು ಭಾನುವಾರ ಅವನು ನನ್ನನ್ನು ಕಲಮಝೂ ಎಂಬ ಊರಿಗೆ ಕರೆದೊಯ್ದ. ಮೊದಲ ಇಎಸ್-335ಗಳು ತಯಾರಾದ ಇಟ್ಟಿಗೆಯ ಕಾರ್ಖಾನೆ, ಅದರ ಎತ್ತರದ ಚಿಮಣಿ ಅಲ್ಲಿವೆ. ಗಿಬ್ಸನ್ ತನ್ನ ಕೆಲಸವನ್ನು ನ್ಯಾಶ್‌ವಿಲ್ಲಿಗೆ ಸಾಗಿಸಿ 1984ರಲ್ಲಿ ಅದನ್ನು ಮುಚ್ಚಿತು. ಊರು ಬಿಡಲೊಲ್ಲದ ಕೆಲವು ನೌಕರರು 1985ರಲ್ಲಿ ಅದೇ ಕಟ್ಟಡದಲ್ಲಿ ಹೆರಿಟೇಜ್ ಎಂಬ ತಮ್ಮದೇ ಕಂಪನಿ ಆರಂಭಿಸಿ ಗಿಟಾರು ಮಾಡತೊಡಗಿದರು. ಕೈ ಕಲಿತ ವಿದ್ಯೆಯನ್ನು ಬಿಡಲು ಅವರಿಗೆ ಮನಸ್ಸು ಬರಲಿಲ್ಲ. ಆ ಚಿಮಣಿಯ ಕೆಳಗೆ ನಿಂತಾಗ, ಹದಿನೈದರ ಹುಡುಗನೊಬ್ಬನಿಂದ ನಾನು ಎಷ್ಟು ಸುಲಭವಾಗಿ ಒಂದು ವಿದ್ಯೆಯನ್ನು ಬಿಡಿಸಿದೆನಲ್ಲ ಎನ್ನಿಸಿತು.

ಅವನ ಗಿಟಾರಿನ ಕುತ್ತಿಗೆಯ ಮೇಲಿನ ಕಪ್ಪುಗೆಂಪು ಪಟ್ಟಿಯನ್ನು ಮುಟ್ಟಿ ನೋಡಿದೆ. ಗುರುತು ಹತ್ತಿತು. ನಮ್ಮ ಬೀಟೆ! ನಮ್ಮ ಮುಖ್ಯೋಪಾಧ್ಯಾಯರ ಕೊಠಡಿಯ ಹಳೆಯ ಮೇಜು ಅದೇ ಮರದ್ದು. ಬ್ರೆಜಿಲಿನ ಬೀಟೆ ಅಪರೂಪವಾದ ಮೇಲೆ ಪಶ್ಚಿಮಘಟ್ಟದಂಥ ಕಡೆ ಬೆಳೆಯುವ ಭಾರತದ ಬೀಟೆ ಲೋಕದ ಗಿಟಾರುಗಳಿಗೆಲ್ಲ ಹೋಯಿತು. 2017ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದಡಿ ಬೀಟೆಯ ಎಲ್ಲ ಜಾತಿಗಳ ವ್ಯಾಪಾರಕ್ಕೂ ನಿರ್ಬಂಧ ಬಂದಿತು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ನೂರಾರು ವರ್ಷ ಬೆಳೆದ ಮರದ ತುಂಡು ಯಾರ ಕೈ ಸೇರಬೇಕೆಂಬ ಪ್ರಶ್ನೆ ಇದರಲ್ಲಿದೆ. ದಿನವೂ ನುಡಿಸುವವನ ಕೈಗೆ ಸೇರಲಿ. ಸಂಗ್ರಹದ ಕಪಾಟಿಗೆ ಬೇಡವೆಂಬುದು ನನ್ನ ನಿಲುವು.

ಹೊರಡುವ ಮುನ್ನ ಆ ಹಳೆಯ ಮಾತನ್ನು ನಾನೇ ಎತ್ತಿ, “ಅಂದು ನಾನು ತಪ್ಪು ಮಾಡಿದೆ ಕಣೋ” ಎಂದೆ. “ಬಿಡಿ ಸರ್, ಪರೀಕ್ಷೆ ಪಾಸಾಗಬೇಕಿತ್ತಲ್ಲ” ಎಂದು ನಕ್ಕ. ತುಸು ಹೊತ್ತಿನ ಮೇಲೆ, “ಅಟ್ಟದ ಮೇಲಿದ್ದಿದ್ದರೆ ಮತ್ತೆ ಇಳಿಸಿಕೊಳ್ಳುತ್ತಿದ್ದೆ” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

‘ತುಂಬಿದ ಕೊಡ ತುಳುಕುವುದಿಲ್ಲ’ ಎಂದು ನಿಮಗೆ ಪದೇ ಪದೇ ಹೇಳಿದವನು ನಾನು. ಗಾದೆ ಸುಳ್ಳಲ್ಲ. ಆದರೆ ವೀಣೆಯ ಕೊಡವನ್ನು ಯಾರೂ ತುಂಬುವುದಿಲ್ಲ. ತುಂಬಿದರೆ ನಾದವೇ ಇರದು. ಮಕ್ಕಳ ದಿನವನ್ನೂ ಪಾಠ, ಟ್ಯೂಷನ್ನು, ಪರೀಕ್ಷೆಗಳಿಂದ ಅಂಚಿನವರೆಗೆ ತುಂಬಿಬಿಡುತ್ತೇವೆ. ನಡುವೆ ಗಟ್ಟಿ ದಿಮ್ಮಿ ಇರಲೇಬೇಕು, ಅದನ್ನು ಬಿಟ್ಟುಕೊಡುವವನು ನಾನಲ್ಲ. ಅಕ್ಕಪಕ್ಕ ಸ್ವಲ್ಪ ಟೊಳ್ಳೂ ಇರಲಿ.

ಆದ್ದರಿಂದ ಬಂಧುಗಳೇ, ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟು. ಲಕ್ಷಗಳ ಗಿಟಾರು ಈಗ ಬೇಡ. ಏಳೆಂಟು ಸಾವಿರದ ಒಂದು ಸಾಧಾರಣ ಗಿಟಾರು ಕೊಡಿಸಿ. ದಿನಕ್ಕೆ ಅರ್ಧ ಗಂಟೆ ನುಡಿಸಲಿ. ಪರೀಕ್ಷೆಯ ತಿಂಗಳು ಬೇಕಿದ್ದರೆ ಅಟ್ಟಕ್ಕೇರಿಸಿ. ಏಪ್ರಿಲ್ಲಿನಲ್ಲಿ ನೀವೇ ಇಳಿಸಿಕೊಡಿ. ಮಾರಬೇಡಿ. ಮುಂದೆ ಎಂದಾದರೂ ತನ್ನ ಬೆರಳಿಗೆ ಏನು ಬೇಕೆಂದು ಅವನೇ ಬಿಡಿಸಿ ಹೇಳುವ ದಿನ ಬಂದರೆ, ತನ್ನ ದುಡಿಮೆಯ ಹಣದಲ್ಲಿ ಅರೆಟೊಳ್ಳಿನದೊಂದನ್ನು ಮಾಡಿಸಿಕೊಳ್ಳಲಿ. ಆಗ ನಾನಿದ್ದರೆ ಕೇಳಲು ಬರುತ್ತೇನೆ.