ಮುಖಪುಟದ ಮುಖಲಕ್ಷಣ



ಕಳೆದ ತಿಂಗಳು ನಮ್ಮೂರಿನ ಪ್ರೌಢಶಾಲೆಯವರು ನನ್ನಲ್ಲಿಗೆ ಬಂದು, ಮಕ್ಕಳು ತಮ್ಮ ಕೈಬರಹದ ವಾರ್ಷಿಕ ಸಂಚಿಕೆಗಾಗಿ ಬರೆದ ಮುಖಪುಟಗಳಲ್ಲಿ ಉತ್ತಮವಾದುದನ್ನು ಆರಿಸಿಕೊಡಬೇಕೆಂದು ಕೇಳಿಕೊಂಡರು. ಒಟ್ಟು ಇಪ್ಪತ್ತೆಂಟು ಹಾಳೆಗಳು. ಶಬ್ದರೂಪಗಳನ್ನು ಒಪ್ಪಿಸಿಕೊಂಡು ಆಯುಷ್ಯ ಕಳೆದ ಉಪಾಧ್ಯಾಯನಿಗೆ ಚಿತ್ರಪರೀಕ್ಷೆಯ ಅಧಿಕಾರವೆಲ್ಲಿಯದೆಂದು ತಾವು ಕೇಳಬಹುದು. ಆದರೂ ಒಪ್ಪಿಕೊಂಡೆನು. ಅದಕ್ಕೆ ಕಾರಣ ಒಂದು ಹಳೆಯ ಸಾಲ.

ನಾನು ವೃತ್ತಿಗೆ ಸೇರಿದ ಹೊಸತರಲ್ಲಿ ಇಂಥದೇ ಒಂದು ಆಯ್ಕೆ ನನ್ನ ಪಾಲಿಗೆ ಬಂದಿತ್ತು. ಅದು ಮಳೆ ತಪ್ಪಿದ ವರ್ಷ. ಒಬ್ಬ ಹುಡುಗನು ಸರಸ್ವತಿಯನ್ನು ಬರೆದು ತಂದಿದ್ದನು; ಹಂಸ, ನವಿಲು, ವೀಣೆ, ತಾವರೆಕೊಳ, ಉದಯಸೂರ್ಯ, ಯಾವುದಕ್ಕೂ ಕೊರತೆಯಿರಲಿಲ್ಲ. ಇನ್ನೊಬ್ಬನು ಹಾಳೆಯ ಕೆಳಮೂಲೆಯಲ್ಲಿ ಅಡ್ಡಬಿದ್ದ ಒಂದು ಬಿಂದಿಗೆಯನ್ನು ಬರೆದು, ಉಳಿದ ಭಾಗವನ್ನೆಲ್ಲ ಬರಿದಾಗಿ ಬಿಟ್ಟಿದ್ದನು. ನಾನು ಆ ಹಾಳೆಯನ್ನು ತರಗತಿಯ ಮುಂದೆ ಎತ್ತಿ ಹಿಡಿದು, “ಇದು ಮುಖಪುಟವಲ್ಲ, ಮುಗಿಯದ ಪುಟ” ಎಂದೆನು. ಹುಡುಗರು ನಕ್ಕರು. ನನ್ನ ಶಬ್ದಚಮತ್ಕಾರಕ್ಕೆ ನಾನೇ ಹಿಗ್ಗಿದೆನು. ಆ ಬಾಲಕನು ಹಾಳೆಯನ್ನು ಸುರುಳಿ ಸುತ್ತಿಕೊಂಡು ಹೋಗಿ ಕುಳಿತನು. ಮರುವರ್ಷ ಅವನು ಚಿತ್ರವನ್ನೇ ತರಲಿಲ್ಲ.

ಆ ಸರಸ್ವತಿಯ ಸೀರೆಯ ಬಣ್ಣ ಈಗ ನನಗೆ ನೆನಪಿಲ್ಲ. ಬಿಂದಿಗೆಯ ಬಾಯಿ ಯಾವ ಕಡೆಗಿತ್ತೆಂಬುದು ಮಾತ್ರ ಚೆನ್ನಾಗಿ ನೆನಪಿದೆ. ಆದರೆ ನೆನಪಿನಲ್ಲಿ ನಿಂತುದೆಲ್ಲವೂ ಉತ್ತಮ ಚಿತ್ರವೆನ್ನಲಾಗದು. ಪಶ್ಚಾತ್ತಾಪಕ್ಕೂ ನೆನಪನ್ನು ಕಾಯುವ ಶಕ್ತಿಯುಂಟು. ಆದುದರಿಂದ ಈ ಸಲ ತೀರ್ಪು ಕೊಡುವ ಮೊದಲು, ಜಗತ್ತು ಮರೆಯದ ಕೆಲವು ಮುಖಪುಟಗಳನ್ನು ಎದುರಿಗಿಟ್ಟುಕೊಂಡು ವಿಚಾರಮಾಡಿದೆನು. ಅಳತೆಗೋಲಿಗೆ ದೂರ ಹೋಗಬೇಕಾಗಲಿಲ್ಲ. ವಾತ್ಸ್ಯಾಯನನ ಗ್ರಂಥಕ್ಕೆ ಯಶೋಧರನು ಬರೆದ ಜಯಮಂಗಲಾ ವ್ಯಾಖ್ಯಾನದಲ್ಲಿ ಚಿತ್ರಕ್ಕೆ ಆರು ಅಂಗಗಳನ್ನು ಹೇಳಿದೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ.

ಮೊದಲನೆಯದು ರೂಪಭೇದ, ಎಂದರೆ ಒಂದು ರೂಪವು ಇನ್ನೊಂದರಿಂದ ಬೇರೆಯಾಗಿ ತೋರುವುದು. ಗೋಡೆಯ ಮೇಲಿನ ಚಿತ್ರಕ್ಕಿಂತ ಮುಖಪುಟಕ್ಕೆ ಇದು ಹೆಚ್ಚು ಅವಶ್ಯಕ. ಗೋಡೆಯ ಚಿತ್ರವನ್ನು ನೋಡಲೆಂದೇ ಜನರು ಬರುತ್ತಾರೆ. ಮುಖಪುಟವಾದರೋ ಅಂಗಡಿಯ ದಾರದಲ್ಲಿ ಹತ್ತಾರು ಪತ್ರಿಕೆಗಳ ನಡುವೆ ತೂಗಾಡುತ್ತ, ರೈಲಿಗೆ ಹೊರಟವನ ಅವಸರದ ಕಣ್ಣನ್ನು ಹಿಡಿದು ನಿಲ್ಲಿಸಬೇಕು. ದೂರದಿಂದ ಏನೆಂದು ತಿಳಿಯದಿದ್ದರೆ, ಹತ್ತಿರದಿಂದ ಎಷ್ಟು ಸೊಗಸಾಗಿದ್ದರೂ ಅದು ಮುಖಪುಟದ ಕೆಲಸವನ್ನು ಮಾಡಲಿಲ್ಲವೆಂದೇ ಹೇಳಬೇಕು.

ಪ್ರಮಾಣಕ್ಕೆ ಒಂದು ನಿದರ್ಶನ. ಅಮೇರಿಕದ ‘ಲೈಫ್’ ಪತ್ರಿಕೆಯು ಸಚಿತ್ರ ವಾರಪತ್ರಿಕೆಯಾಗಿ 1936ರ ನವೆಂಬರ್ 23ರಂದು ಹೊರಟಾಗ, ಅದರ ಮೇಲೆ ಮಾರ್ಗರೆಟ್ ಬರ್ಕ್‌-ವೈಟ್ ಎಂಬ ಮಹಿಳೆಯು ತೆಗೆದ ಛಾಯಾಚಿತ್ರವಿತ್ತು. ಮಾಂಟಾನಾ ಪ್ರಾಂತ್ಯದ ಫೋರ್ಟ್ ಪೆಕ್ ಅಣೆಕಟ್ಟಿನ ಕಾಮಗಾರಿಯಲ್ಲಿ ಎದ್ದ ಕಾಂಕ್ರೀಟಿನ ಸ್ತಂಭಗಳು ಕೋಟೆಯ ಬುರುಜುಗಳಂತೆ ಸಾಲಾಗಿ ನಿಂತಿವೆ. ಆದರೆ ಅವುಗಳ ಎತ್ತರವನ್ನು ನಮಗೆ ತಿಳಿಸುವವರು ಬುಡದಲ್ಲಿರುವ ಇಬ್ಬರು ಮನುಷ್ಯರು, ಇರುವೆಗಳಷ್ಟು ಚಿಕ್ಕವರು. ಅವರನ್ನು ಬೆರಳಿನಿಂದ ಮುಚ್ಚಿ ನೋಡಿದರೆ ಸ್ತಂಭಗಳು ಆಟಿಕೆಗಳಾಗಿಬಿಡುತ್ತವೆ. ಹಿರಿದನ್ನು ತೋರಿಸಲು ಕಿರಿದರ ಸಹಾಯ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪಾಠವೇಕೆ?

ಭಾವಕ್ಕೆ ನಿದರ್ಶನವು ಅನೇಕರು ಕಂಡಿರುವಂಥದೇ. ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ 1985ರ ಜೂನ್ ಸಂಚಿಕೆಯ ಮೇಲೆ ಅಫಘಾನಿಸ್ತಾನದ ಒಬ್ಬ ನಿರಾಶ್ರಿತ ಬಾಲಿಕೆಯ ಮುಖವಿತ್ತು. ಸ್ಟೀವ್ ಮೆಕರಿ ಎಂಬವನು ಪೆಷಾವರದ ಬಳಿಯ ಶಿಬಿರದಲ್ಲಿ 1984ರಲ್ಲಿ ಅದನ್ನು ತೆಗೆದನು. ಹರಿದ ಕೆಂಗಂದು ಹೊದಿಕೆ, ಹಸುರು ಹಿನ್ನೆಲೆ, ಹಸುರು ಕಣ್ಣುಗಳು. ಕೆಂಪು ಹಸುರುಗಳು ಒಂದನ್ನೊಂದು ಬೆಳಗಿಸುವ ಬಣ್ಣಗಳಾದುದರಿಂದ ಆ ಕಣ್ಣುಗಳು ಹಾಳೆಯಿಂದ ಹೊರಕ್ಕೆ ಬಂದಂತೆ ತೋರುತ್ತವೆ. ನಾವು ಅವಳನ್ನು ನೋಡುತ್ತಿರುವೆವೋ ಅವಳು ನಮ್ಮನ್ನು ವಿಚಾರಿಸುತ್ತಿರುವಳೋ ತಿಳಿಯದು. ಅಷ್ಟಾದರೂ ಅವಳ ಹೆಸರು ಶರ್ಬತ್ ಗುಲಾ ಎಂಬುದು ಜಗತ್ತಿಗೆ ತಿಳಿದುದು 2002ರಲ್ಲಿ. ಹದಿನೇಳು ವರ್ಷ ಮುಖವನ್ನು ಕೊಂಡಾಡಿದ ಲೋಕಕ್ಕೆ ಹೆಸರು ಗೊತ್ತಿರಲಿಲ್ಲ! ಚಿತ್ರವನ್ನು ಮೆಚ್ಚುವಾಗ ಈ ನಾಚಿಕೆಯೂ ಸ್ವಲ್ಪ ಇರತಕ್ಕದ್ದು.

ಸಾದೃಶ್ಯವೆಂದರೆ ಬರಿಯ ತದ್ರೂಪವಲ್ಲ. ಒಂದನ್ನು ಕಂಡು ಇನ್ನೊಂದನ್ನು ನೆನೆಯುವಂತಾಗುವುದು. ಮುಷ್ಟಿಯುದ್ಧದ ವೀರನಾದ ಮುಹಮ್ಮದ್ ಅಲಿಯು ವಿಯೆಟ್ನಾಮಿನ ಯುದ್ಧಕಾಲದಲ್ಲಿ, 1967ರಲ್ಲಿ, ಸೈನ್ಯಕ್ಕೆ ಸೇರಲೊಲ್ಲೆನೆಂದು ಹೇಳಿ ತನ್ನ ಪದವಿಯನ್ನು ಕಳೆದುಕೊಂಡನು. 1968ರ ಏಪ್ರಿಲ್ ತಿಂಗಳ ‘ಎಸ್ಕ್ವೈರ್’ ಪತ್ರಿಕೆಗಾಗಿ ಜಾರ್ಜ್ ಲೋಯಿಸ್ ಎಂಬ ಕಲಾವಿದನು ಅವನನ್ನು ಮೈಯೆಲ್ಲ ಬಾಣ ನೆಟ್ಟಂತೆ ನಿಲ್ಲಿಸಿದನು. ಕಾರ್ಲ್ ಫಿಷರ್ ಚಿತ್ರ ತೆಗೆದನು. ಬಾಣಗಳಿಂದ ಬಿದ್ಧನಾದ ಕ್ರೈಸ್ತಸಂತ ಸೆಬಾಸ್ಟಿಯನ್ನನ ಚಿತ್ರಗಳನ್ನು ಕಂಡವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಆನಂದವರ್ಧನನು ಇದನ್ನು ಕಂಡಿದ್ದರೆ ಧ್ವನಿಯೆಂದು ತಲೆದೂಗುತ್ತಿದ್ದನೋ ಏನೋ.

ಇನ್ನು ವರ್ಣಿಕಾಭಂಗ, ಎಂದರೆ ಬಣ್ಣದ ವಿನಿಯೋಗ. ಬಣ್ಣ ಹೆಚ್ಚಾದಷ್ಟೂ ಕಣ್ಣು ಸೆಳೆಯುವುದೆಂದು ನಾವು ನಂಬಿದ್ದೇವೆ. ‘ಟೈಮ್’ ಪತ್ರಿಕೆಯು 1966ರ ಏಪ್ರಿಲ್ 8ರಂದು ಚಿತ್ರವನ್ನೇ ಬಿಟ್ಟು, ಕಪ್ಪು ನೆಲದ ಮೇಲೆ ಕೆಂಪಕ್ಷರಗಳಲ್ಲಿ ದೇವರು ಸತ್ತನೇ ಎಂಬ ಪ್ರಶ್ನೆಯೊಂದನ್ನೇ ಮುದ್ರಿಸಿತು. ‘ನ್ಯೂಯಾರ್ಕರ್’ ಪತ್ರಿಕೆಯ 2001ರ ಸೆಪ್ಟೆಂಬರ್ 24ರ ಸಂಚಿಕೆಯು ಇನ್ನೂ ಮುಂದೆ ಹೋಯಿತು. ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿ ಇನ್ನೂ ಎರಡು ವಾರವಾಗಿರಲಿಲ್ಲ. ಆರ್ಟ್ ಸ್ಪೀಗಲ್‌ಮನ್ ಮತ್ತು ಅವನ ಪತ್ನಿ ಫ್ರಾನ್ಸ್ವಾಸ್ ಮೂಲಿ ಸೇರಿ ರಚಿಸಿದ ಆ ಪುಟವು ಮೊದಲ ನೋಟಕ್ಕೆ ಬರಿಯ ಕಪ್ಪು. ಬೆಳಕಿಗೆ ಹಿಡಿದು ಓರೆಮಾಡಿದರೆ ಕಪ್ಪಿನೊಳಗೆ ಇನ್ನಷ್ಟು ಕಪ್ಪಾದ ಎರಡು ಗೋಪುರಗಳು ಕಾಣುತ್ತವೆ. ಇಲ್ಲದುದನ್ನು ಇಲ್ಲವೆಂದೇ ಕಾಣಿಸಿದ ಬಗೆಯಿದು.

ಉಳಿದುದು ಲಾವಣ್ಯಯೋಜನೆ. ಲವಣವೆಂಬ ಶಬ್ದದಿಂದಲೇ ಲಾವಣ್ಯ ಹುಟ್ಟಿತು. ಉಪ್ಪಿನ ಹದವನ್ನು ಮನೆಯ ಹೆಂಗಸರಿಗೆ ನಾನು ಹೇಳಿಕೊಡಬೇಕಾದುದಿಲ್ಲ. ಹೆಚ್ಚಾದರೂ ಕಷ್ಟ, ಇಲ್ಲದಿದ್ದರೂ ಕಷ್ಟ. ಅಂದು ನಾನು ಬಹುಮಾನವಿತ್ತ ಸರಸ್ವತಿಯಲ್ಲಿ ಎಲ್ಲವೂ ಇದ್ದುವು, ಹದವೊಂದಿರಲಿಲ್ಲ. ಬಿಂದಿಗೆಯ ಸುತ್ತಲಿನ ಬರಿದು ಆ ವರ್ಷದ ನಮ್ಮ ಕೆರೆಯ ಬರಿದೇ ಆಗಿತ್ತು. ದಿನವೂ ಆ ಕೆರೆಯ ಏರಿಯ ಮೇಲೆ ನಡೆದು ಶಾಲೆಗೆ ಹೋಗುತ್ತಿದ್ದ ನನಗೆ ಅದು ಹೊಳೆಯಲಿಲ್ಲ!

ಇಷ್ಟನ್ನು ಯೋಚಿಸಿ ಇಪ್ಪತ್ತೆಂಟು ಹಾಳೆಗಳನ್ನೂ ನಡುಮನೆಯ ಗೋಡೆಗೆ ಅಂಟಿಸಿದೆನು. ಮೊದಲು ಬಾಗಿಲಿನಿಂದ ನೋಡಿದೆನು. ಆಮೇಲೆ ಹತ್ತಿರ ಹೋಗಿ ನೋಡಿದೆನು. ರಾತ್ರಿ ಎಲ್ಲವನ್ನೂ ತೆಗೆದಿಟ್ಟು, ಬೆಳಿಗ್ಗೆ ಎದ್ದೊಡನೆ ಯಾವುದು ಮನಸ್ಸಿಗೆ ಬಂದಿತೆಂದು ಬರೆದುಕೊಂಡೆನು. ಇಲ್ಲಿ ಒಂದು ಅಪಾಯವಿತ್ತು. ಹಳೆಯ ತಪ್ಪನ್ನು ತಿದ್ದುವ ಆತುರದಲ್ಲಿ, ಬರಿದಾಗಿ ಬಿಟ್ಟ ಹಾಳೆಗಳನ್ನೆಲ್ಲ ಮೆಚ್ಚಿಬಿಡುವ ಸಂಭವವಿತ್ತು. ಅಂಥವು ನಾಲ್ಕಿದ್ದುವು, ಮೂರರಲ್ಲಿ ಬರಿದು ಸೋಮಾರಿತನವಾಗಿತ್ತೇ ಹೊರತು ಮಾತಾಗಿರಲಿಲ್ಲ. ನಾಲ್ಕನೆಯದರಲ್ಲಿ ತರಗತಿಯ ಹೊಸ್ತಿಲ ಹೊರಗೆ ಬಿಟ್ಟ ಒಂದು ಜೊತೆ ಚಪ್ಪಲಿ; ಒಂದರ ಬಾರು ಕಿತ್ತುಹೋಗಿ ಪಿನ್ನು ಚುಚ್ಚಿದೆ. ಬಾಗಿಲು ಅರ್ಧ ತೆರೆದಿದೆ. ಮೊದಲನೆಯ ಸ್ಥಾನವನ್ನು ಅದಕ್ಕೆ ಕೊಟ್ಟೆನು. ಎರಡನೆಯದನ್ನು ಜನಜಂಗುಳಿಯ ರಥೋತ್ಸವಕ್ಕೆ ಕೊಟ್ಟೆನು. ಅಲ್ಲಿ ನೂರು ತಲೆಗಳಿದ್ದರೂ ಕಣ್ಣು ತಂದೆಯ ಹೆಗಲೇರಿದ ಒಂದು ಮಗುವಿನಲ್ಲಿಯೇ ನಿಲ್ಲುತ್ತಿತ್ತು. ತುಂಬಿದ ಪುಟವೂ ಸಲ್ಲುವುದು, ಬರಿದಾದ ಪುಟವೂ ಸಲ್ಲುವುದು. ಕಣ್ಣಿಗೆ ಒಂದು ನೆಲೆ ಬೇಕು, ಆ ನೆಲೆಯಲ್ಲಿ ಮನಸ್ಸಿಗೆ ಒಂದು ಕೆಲಸ ಬೇಕು.

ಉಳಿದ ಇಪ್ಪತ್ತಾರು ಹಾಳೆಗಳ ಹಿಂಬದಿಯ ಹೆಸರುಗಳನ್ನು ಓದಿ, ಪ್ರತಿಯೊಂದರಲ್ಲಿಯೂ ನಿಜವಾಗಿ ಚೆನ್ನಾಗಿದ್ದ ಒಂದು ಅಂಶವನ್ನು ಪೆನ್ಸಿಲಿನಿಂದ ಬರೆದು ಹಿಂದಕ್ಕೆ ಕಳುಹಿಸಿದೆನು. ಕೆಲವು ಹಾಳೆಗಳಲ್ಲಿ ಅದನ್ನು ಹುಡುಕಲು ಬಹಳ ಹೊತ್ತು ಬೇಕಾಯಿತು. ಆದರೆ ಸಿಕ್ಕದ ಹಾಳೆ ಒಂದೂ ಇರಲಿಲ್ಲ. ಬಿಂದಿಗೆಯ ಹುಡುಗನು ಈಗ ಎಲ್ಲಿರುವನೋ ಅರಿಯೆನು. ಈ ಪುಟ ಅವನ ಕಣ್ಣಿಗೆ ಬಿದ್ದರೆ, ಅವನ ಚಿತ್ರವು ಮುಗಿದೇ ಇದ್ದಿತೆಂದೂ, ಮುಗಿಯದಿದ್ದುದು ಉಪಾಧ್ಯಾಯನ ಓದೆಂದೂ ತಿಳಿದುಕೊಳ್ಳಲಿ.