ಸರಪಳಿ ಯಂತ್ರವೂ ನಮ್ಮ ಶಾಲೆಗಳೂ

ಸನ್ನೆ, ರಾಟೆ, ಗಾಲಿ-ಅಚ್ಚು, ಇಳಿಜಾರು, ಬೆಣೆ, ತಿರುಪು ಎಂಬ ಆರು ಸರಳ ಯಂತ್ರಗಳ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲ ಬಾಲಕ ಬಾಲಿಕೆಯರಿಗೆ ಯಾದಗಿರಿ, ಶಹಾಪುರ, ಸುರಪುರಗಳ ಶಾಲೆಗಳಲ್ಲಿ ಕೊರತೆಯಿರಲಾರದು. ಆದರೆ ಅವುಗಳಲ್ಲಿ ಒಂದನ್ನಾದರೂ ಸ್ವಹಸ್ತದಿಂದ ರಚಿಸಿ, ನಡೆಯಿಸಿ ನೋಡಿದವರೆಷ್ಟು ಮಂದಿ? ಈ ಪ್ರಶ್ನೆಯನ್ನು ನಾವು ಆ ಮೂರು ತಾಲೂಕುಗಳ ಉಪಾಧ್ಯಾಯ ಮಹಾಶಯರ ಮುಂದೆ ಇಡಬಯಸುತ್ತೇವೆ.

ಅಮೆರಿಕದ ವ್ಯಂಗ್ಯಚಿತ್ರಕಾರ ರೂಬ್ ಗೋಲ್ಡ್‌ಬರ್ಗನು (1883–1970) ಅಲ್ಪ ಕಾರ್ಯವನ್ನು ಹತ್ತು ಸುತ್ತುಗಳಿಂದ ಸಾಧಿಸುವ ವಿಚಿತ್ರ ಯಂತ್ರಗಳ ಚಿತ್ರಗಳನ್ನು ಬರೆದು ಜನರನ್ನು ನಗಿಸಿದನು. ಆ ನಗೆಯೇ ಈಗ ಅನೇಕ ದೇಶಗಳಲ್ಲಿ ಪಾಠವಾಗಿದೆ. ಒಂದರ ಚಲನೆಯು ಮತ್ತೊಂದನ್ನು ಕೆಣಕುವಂತೆ ಸರಳ ಯಂತ್ರಗಳನ್ನು ಜೋಡಿಸುವುದೇ ಸರಪಳಿ ಯಂತ್ರವು. ಮಗುವು ಬೆಣೆಯೊಂದನ್ನು ಎಳೆಯುವುದು. ಗೋಲಿಯು ಹಲಗೆಯ ಇಳಿಜಾರಿನಲ್ಲಿ ಉರುಳಿ ಸನ್ನೆಯ ತುದಿಗೆ ಬಡಿಯುವುದು. ಸನ್ನೆಯ ಇನ್ನೊಂದು ತುದಿಯು ಮೇಲೆದ್ದು ಮರಳಿನ ಚೀಲವನ್ನು ಕೆಡಹುವುದು. ಬೀಳುವ ಚೀಲವು ರಾಟೆಯ ಹಗ್ಗವನ್ನೆಳೆದು ಶಾಲೆಯ ಗಂಟೆಯನ್ನು ಬಾರಿಸುವುದು. ಇಷ್ಟೇ ಅದರ ಸ್ವರೂಪ.

ಇದಕ್ಕೆ ಪೇಟೆಯ ಪೆಟ್ಟಿಗೆಯ ಸಾಮಾನು ಬೇಕೆಂದು ಭಾವಿಸುವುದು ಕೇವಲ ಭ್ರಾಂತಿ. ನಮ್ಮ ಹಿರಿಯರು ಎತ್ತುಗಳನ್ನು ಇಳಿಜಾರಿನಲ್ಲಿ ನಡೆಯಿಸಿ, ರಾಟೆಯ ಮೇಲಿನ ಹಗ್ಗದಿಂದ ಬಾವಿಯ ನೀರೆತ್ತಿದ ಕಪಿಲೆಯು ಎರಡು ಸರಳ ಯಂತ್ರಗಳ ಕೂಟವೇ ಅಲ್ಲವೆ? ಏತವು ಸನ್ನೆಯು, ಬಂಡಿಯು ಗಾಲಿ-ಅಚ್ಚು, ನೇಗಿಲ ಕುಳವೂ ಬಂಡೆ ಸೀಳುವ ಉಳಿಯೂ ಬೆಣೆಗಳು. ಕೃಷ್ಣೆಯ ನಾರಾಯಣಪುರ ಅಣೆಕಟ್ಟಿನಿಂದ ಸುರಪುರ, ಶಹಾಪುರಗಳ ಹೊಲಗಳಿಗೆ ನೀರು ಹರಿದು ಬರುವುದಷ್ಟೆ. ಕಾಲುವೆಯ ತೂಬಿನ ಬಾಗಿಲನ್ನು ತಿರುಪಿನಿಂದ ಎತ್ತುವುದನ್ನು ಕಂಡ ಮಗುವಿಗೆ ಆರನೆಯ ಯಂತ್ರವನ್ನು ಚಿತ್ರಪಟದಲ್ಲಿ ತೋರಿಸಬೇಕಾದುದಿಲ್ಲ. ಹಳೆಯ ದಾರದುಂಡೆ, ಬೆಂಕಿಪೊಟ್ಟಣ, ಬಿದಿರು, ಮರಳು ಇವಿಷ್ಟಿದ್ದರೆ ಸಾಕು.

ಈ ಆಟದಿಂದ ಬರುವ ಪ್ರಯೋಜನವಾದರೂ ಏನು? ಮೊದಲನೆಯದಾಗಿ, ಪ್ರಕೃತಿಯು ಏನನ್ನೂ ಧರ್ಮಾರ್ಥವಾಗಿ ಕೊಡುವುದಿಲ್ಲವೆಂಬ ಅರಿವು. ಸನ್ನೆಯ ತೋಳನ್ನು ನಾಲ್ಕು ಪಟ್ಟು ಉದ್ದ ಮಾಡಿದರೆ ಬಲವು ಕಾಲು ಪಾಲು ಸಾಕಾದೀತು. ಕೈಯು ಮಾತ್ರ ನಾಲ್ಕು ಪಟ್ಟು ದೂರ ಚಲಿಸಬೇಕು. ಗೋಲಿಯನ್ನು ಮೇಲಿಟ್ಟ, ಚೀಲವನ್ನು ಎತ್ತಿಟ್ಟ ಶ್ರಮವೇ ಅಲ್ಲಿ ಶಕ್ತಿಯಾಗಿ ಅಡಗಿರುವುದು. ಬೆಣೆಯನ್ನು ಎಳೆದವನು ಅದನ್ನು ಬಿಡಿಸಿದನೇ ಹೊರತು ಸೃಷ್ಟಿಸಲಿಲ್ಲ. ಎರಡನೆಯದಾಗಿ, ಪ್ರತಿಯೊಂದು ಕೊಂಡಿಯ ಹೊಣೆ. ಹತ್ತು ಕೊಂಡಿಗಳಲ್ಲಿ ಒಂದೊಂದೂ ಹತ್ತಕ್ಕೆ ಒಂಬತ್ತು ಸಲ ತಪ್ಪದೆ ನಡೆದರೂ, ಇಡೀ ಯಂತ್ರವು ನೂರಕ್ಕೆ ಸುಮಾರು 35 ಸಲ ಮಾತ್ರ ಗಂಟೆ ಬಾರಿಸೀತು. ಒಂದೊಂದೂ ನೂರಕ್ಕೆ 99 ಸಲ ನಡೆಯುವಂತೆ ತಿದ್ದಿದರೆ ಆ ಸಂಖ್ಯೆಯು 90ಕ್ಕೆ ಏರುವುದು. ಗಂಟೆಯು ಬಾರಿಸದಿದ್ದಾಗ ಹುಡುಗರು ಒಬ್ಬರನ್ನೊಬ್ಬರು ದೂಷಿಸದೆ, ಎಲ್ಲಿ ನಿಂತಿತೆಂದು ಹುಡುಕುವರು. ಪ್ರಜಾರಾಜ್ಯದ ಪೌರನಿಗೆ ಇದಕ್ಕಿಂತ ಉತ್ತಮವಾದ ಶಿಕ್ಷಣವುಂಟೆ?

ಪರೀಕ್ಷೆಯಲ್ಲೇ ಹಿಂದುಳಿದ ಮಕ್ಕಳಿಗೆ ಆಟವೇಕೆಂದು ಕೆಲವರು ಆಕ್ಷೇಪಿಸಬಹುದು. ಹಿಂದುಳಿದಿರುವುದು ನಿಜ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆಯು ನೂರಕ್ಕೆ ಸುಮಾರು 52 ಇದ್ದು, ರಾಜ್ಯದಲ್ಲಿಯೇ ಅತಿ ಕಡಿಮೆಯಾಗಿದ್ದಿತು, 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿಯೂ ಜಿಲ್ಲೆಗೆ ಕಡೆಯ ಸ್ಥಾನವೇ ದೊರೆಯಿತು. ಆದರೆ ಕಂಠಪಾಠದಿಂದಲೇ ಉದ್ಧಾರವಾಗುವಂತಿದ್ದರೆ ಎಂದೋ ಆಗಬೇಕಾಗಿತ್ತು! ಅರ್ಥವಾಗದ ಪಾಠವನ್ನು ಮಗುವು ಮರೆಯುವುದು. ತಾನೇ ಕಟ್ಟಿದ ಸನ್ನೆಯನ್ನು ಮರೆಯಲಾರದು. 1948ರವರೆಗೆ ಹೈದರಾಬಾದು ಸಂಸ್ಥಾನದ ಆಡಳಿತದಲ್ಲಿ ಈ ಸೀಮೆಯ ಮಕ್ಕಳಿಗೆ ಮೇಲಿನ ತರಗತಿಗಳ ವಿದ್ಯೆಯು ಉರ್ದುವಿನಲ್ಲಿ ದೊರೆಯುತ್ತಿತ್ತೇ ಹೊರತು ತಾಯ್ನುಡಿಯಲ್ಲಿ ಅಲ್ಲ. ಇಂದು ಆ ಅಡ್ಡಿಯಿಲ್ಲ. ತಾನು ಕಟ್ಟಿದುದನ್ನು ತನ್ನ ಕನ್ನಡದಲ್ಲಿ ನಾಲ್ವರ ಮುಂದೆ ವಿವರಿಸಬಲ್ಲ ಮಗುವು ಪರೀಕ್ಷೆಯ ಕಾಗದದ ಮುಂದೆ ಏಕೆ ನಡುಗೀತು?

ಆದುದರಿಂದ ನಮ್ಮ ಸೂಚನೆಯಿದು. ಪ್ರತಿ ವರ್ಷ ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಈ ಮೂರು ತಾಲೂಕುಗಳ ಶಾಲೆಗಳು ಒಂದೊಂದು ಸರಪಳಿ ಯಂತ್ರವನ್ನು ಊರವರ ಮುಂದೆ ನಡೆಯಿಸಲಿ. ಆರರಲ್ಲಿ ನಾಲ್ಕು ಸರಳ ಯಂತ್ರಗಳಾದರೂ ಇರಲಿ. ಕೊಂಡು ತಂದ ಸಾಮಾನು ಬೇಡ. ಮೂರು ಸಲ ಅವಕಾಶ ದೊರೆಯಲಿ. ಹುಡುಗಿಯರು ಹಗ್ಗ ಹಿಡಿದು ನಿಲ್ಲುವುದಕ್ಕಷ್ಟೇ ಅಲ್ಲ, ರಚಿಸುವುದಕ್ಕೂ ಮುಂದಾಗಲಿ. ಬಡಗಿ, ಕಮ್ಮಾರ, ರೈತರನ್ನು ಪರೀಕ್ಷಕರಾಗಿ ಕರೆಯಲಿ. ಯಂತ್ರದ ಮರ್ಮವನ್ನು ಅವರಷ್ಟು ಬಲ್ಲವರು ಯಾರು? ವಿದ್ಯಾ ಇಲಾಖೆಯವರು ವಾರಕ್ಕೆ ಎರಡು ಗಂಟೆಗಳ ಬಿಡುವನ್ನು ಕೊಟ್ಟರೆ ಸಾಕು, ಹಣವನ್ನು ನಾವು ಕೇಳುವುದಿಲ್ಲ.

ಗಂಟೆಯು ಮೊದಲನೆಯ ಸಲ ಬಾರಿಸದೆ ಹೋಗಬಹುದು. ಆಗ ಉಪಾಧ್ಯಾಯರು ಕೈಯಿಕ್ಕಿ ಸರಿಪಡಿಸಬಾರದೆಂಬುದೊಂದೇ ನಮ್ಮ ವಿಜ್ಞಾಪನೆ. ಜಾರಿದ ಕೊಂಡಿಯನ್ನು ಮಕ್ಕಳೇ ಕಂಡುಹಿಡಿಯಲಿ.