ಸೀಟು ಖಾಲಿ ಆಯ್ತು, ಆಮೇಲೆ?

ರಗ್ಬಿ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊಟ್ಟೆ ಆಕಾರದ ಚೆಂಡು, ಕೆಸರು, ಮೈಮೇಲೆ ಬೀಳೋ ದಾಂಡಿಗರು, ಅಷ್ಟೇ. ಆದ್ರೆ ಕಬಡ್ಡಿ ನೋಡಿ ಬೆಳೆದವರಿಗೆ ಇದರ ರುಚಿ ಬೇಗ ಹತ್ತುತ್ತೆ. ತಂಡಕ್ಕೆ 15 ಜನ, 80 ನಿಮಿಷದ ಆಟ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯೋ ಹಾಗಿಲ್ಲ. ಎದುರಾಳಿಯ ಗೆರೆ ದಾಟಿ ಅದನ್ನು ನೆಲಕ್ಕೆ ಒತ್ತಿದರೆ 5 ಅಂಕ. ಇಷ್ಟು ಗೊತ್ತಿದ್ರೆ ಮೊಬೈಲಲ್ಲಿ ಮ್ಯಾಚ್ ಹಾಕ್ಕೊಂಡು ಆರಾಮಾಗಿ ಕೂರಬಹುದು.

ಏಷ್ಯಾದ ದೇಶಗಳ ರಗ್ಬಿ ಟೂರ್ನಿ 1969ರಲ್ಲೇ ಟೋಕಿಯೊದಲ್ಲಿ ಶುರುವಾಯ್ತು. ಈಗ ಅದರ ಹೆಸರು ಏಷ್ಯಾ ರಗ್ಬಿ ಚಾಂಪಿಯನ್‌ಶಿಪ್. 2008ರಿಂದ 2017ರವರೆಗೆ ಒಂದು ವರ್ಷವೂ ಬಿಡದೆ ಗೆದ್ದಿದ್ದು ಜಪಾನ್. 2015ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾವನ್ನೇ 34-32ರಿಂದ ಮಣಿಸಿದ ತಂಡ ಅದು. ಅಂಥವರ ಎದುರು ಹಾಂಗ್‌ಕಾಂಗ್, ಕೊರಿಯಾ ಏನು ತಾನೇ ಮಾಡ್ಬೇಕು ಹೇಳಿ?

ಆಮೇಲೆ ಜಪಾನ್ ಈ ಟೂರ್ನಿಗೆ ಬರೋದನ್ನೇ ನಿಲ್ಲಿಸ್ತು. 2018ರಲ್ಲಿ ಕಪ್ ಹಾಂಗ್‌ಕಾಂಗ್ ಕೈಗೆ ಬಂತು. ‘ಜಪಾನ್ ಇದ್ದಿದ್ರೆ ನೋಡ್ಬೇಕಿತ್ತು’ ಅಂತ ಯಾರಿಗಾದ್ರೂ ಅನ್ನಿಸೋದು ಸಹಜ.

ನನಗೆ ಈ ಮಾತು ಸ್ವಲ್ಪ ಜಾಸ್ತಿನೇ ತಾಗುತ್ತೆ. ಕಳೆದ ವರ್ಷ ನಮ್ಮ ಟೀಮ್ ಲೀಡ್ ಬೇರೆ ಕಂಪನಿಗೆ ಹೋದ್ರು, ಆ ಜಾಗ ನನಗೆ ಸಿಕ್ತು. ಎಲ್ಲರೂ ಕೇಕ್ ತಿಂದ್ರು, ವಿಶ್ ಮಾಡಿದ್ರು. ಕ್ಯಾಂಟೀನಲ್ಲಿ ಮಾತ್ರ ಬೇರೆ ಮಾತು: "ಸೀಟು ಖಾಲಿ ಆಯ್ತು, ಹೋಗಿ ಕೂತ್ಕೊಂಡ್ಲು." ಜಗಳಕ್ಕೇನೂ ಹೋಗಲಿಲ್ಲ. ಆದ್ರೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅವರು ಹೇಳಿದ್ದು ನಿಜವೇ ಇರಬಹುದಾ?

ಹಾಂಗ್‌ಕಾಂಗ್ ಕತೆ ಪೂರ್ತಿ ಓದಿದ ಮೇಲೆ ಮನಸ್ಸು ಒಂಚೂರು ಹಗುರಾಯ್ತು. ಯಾಕಂದ್ರೆ ಏಷ್ಯಾದಲ್ಲಿ ಗೆದ್ದ ಮಾತ್ರಕ್ಕೆ ಅವರಿಗೆ ವಿಶ್ವಕಪ್ ಬಾಗಿಲು ತೆರೆಯಲಿಲ್ಲ. 2018ರ ನವೆಂಬರಿನಲ್ಲಿ ಫ್ರಾನ್ಸಿನ ಮಾರ್ಸೇಲ್‌ನಲ್ಲಿ ಕೊನೇ ಟಿಕೆಟ್ಟಿಗಾಗಿ ಆಡಿದ್ರು, ಅದು ಕೆನಡಾ ಪಾಲಾಯ್ತು. 2022ರಲ್ಲಿ ದುಬೈನಲ್ಲಿ ಮತ್ತೆ ಆಡಿದ್ರು, ಈ ಸಲ ಪೋರ್ಚುಗಲ್ ಹೊತ್ಕೊಂಡು ಹೋಯ್ತು. ಎರಡು ಸಲವೂ ಬರಿಗೈಲಿ ಊರಿಗೆ ಬಂದು, ಮತ್ತೆ ಏಷ್ಯಾ ಟೂರ್ನಿಯಿಂದಲೇ ಶುರು ಮಾಡಿದ್ರು.

2027ರ ಆಸ್ಟ್ರೇಲಿಯಾ ವಿಶ್ವಕಪ್‌ಗೆ ತಂಡಗಳ ಸಂಖ್ಯೆ 20ರಿಂದ 24ಕ್ಕೆ ಏರಿತು. ಏಷ್ಯಾ ಚಾಂಪಿಯನ್‌ಗೆ ನೇರ ಟಿಕೆಟ್ ಅಂತಾಯ್ತು. 2025ರ ಜುಲೈ 5ರಂದು ಇಂಚಿಯಾನ್‌ನಲ್ಲಿ, ಕೊರಿಯಾದವರ ನೆಲದಲ್ಲೇ, ಹಾಂಗ್‌ಕಾಂಗ್ 70-22ರಿಂದ ಗೆದ್ದಿತು. ಹಾಂಗ್‌ಕಾಂಗ್‌ಗೆ ಇದು ಮೊದಲ ವಿಶ್ವಕಪ್.

ಅದೃಷ್ಟ ಇತ್ತಾ? ಖಂಡಿತ ಇತ್ತು. ಜಪಾನ್ ಇರಲಿಲ್ಲ, ನಿಯಮವೂ ಬದಲಾಗಿತ್ತು. ಆದ್ರೆ ಅದೇ ಅವಕಾಶ ಕೊರಿಯಾ, ಯುಎಇ, ಶ್ರೀಲಂಕಾಕ್ಕೂ ಇತ್ತಲ್ಲ? ಮಾರ್ಸೇಲ್, ದುಬೈಗಳಲ್ಲಿ ಸೋತು ಬಂದ ಅನುಭವ ಹಾಂಗ್‌ಕಾಂಗ್ ಜೊತೆಗಿತ್ತು.

ನಿಮ್ಮ ಆಫೀಸಲ್ಲೂ ಯಾರಾದ್ರೂ ಹೀಗೆ ಆಡ್ಕೊಂಡ್ರೆ ವಾದಕ್ಕೆ ಇಳಿಯಬೇಡಿ. ಸೀಟು ಖಾಲಿ ಆಗಿದ್ದು ನಿಜ ಅಂತ ಒಪ್ಪಿಕೊಳ್ಳಿ. ಅದಕ್ಕೂ ಮುಂಚಿನ ವರ್ಷಗಳಲ್ಲಿ ನೀವು ಏನೇನು ಮಾಡಿದ್ರಿ ಅನ್ನೋದು ನಿಮಗೆ ಗೊತ್ತಿದ್ರೆ ಸಾಕು. ನಾನೂ ಈಗ ಅಷ್ಟೇ ಮಾಡೋದು, ನಿದ್ದೆಯೂ ಚೆನ್ನಾಗಿ ಬರ್ತಿದೆ.